ಲ್ಯಾಪ್‌ಟಾಪಿಗೆ ಹೊಲಿದ ಅಂಗಿ, ಸೆಲ್ವಿಯ ಅರ್ಜಿ

ಶಾಲೆಯ ಆಫೀಸಿಗೆ ಹೊಸದಾಗಿ ಗುಮಾಸ್ತೆಯಾಗಿ ಸೇರುವ ಹೆಣ್ಣುಮಕ್ಕಳು "ಮೇಡಂ, ಕೆಲಸ ಕಷ್ಟಾನಾ?" ಅಂತ ಕೇಳುತ್ತಾರೆ. ಕಷ್ಟವೇನಿಲ್ಲ ಅಂತಲೇ ನಾನು ಹೇಳೋದು. ಬೆಳಿಗ್ಗೆ ದೀಪ ಹಚ್ಚಿ, ಹುಳಿಗೆ ಒಗ್ಗರಣೆ ಹಾಕಿ, ಮನೆಯವರಿಗೆ ಡಬ್ಬಿ ಕಟ್ಟಿ, ಹಲಸೂರಿನಿಂದ ಶಿವಾಜಿನಗರದ ಬಸ್ಸು ಹಿಡಿದು ಹತ್ತು ಗಂಟೆಯೊಳಗೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕುವ ಹೆಂಗಸಿಗೆ ಆಮೇಲಿನದು ಯಾವುದೂ ಕಷ್ಟವಲ್ಲ. ಮನೆ ನಡೆಸಲು ಬಂದರೆ ಆಫೀಸು ನಡೆಸಲೂ ಬರುತ್ತದೆ ಅಂತ ನಾನು ಮೊದಲಿನಿಂದ ನಂಬಿದ್ದೆ. ಆ ನಂಬಿಕೆ ನನ್ನನ್ನು ಎಷ್ಟೋ ಸಲ ಕಾಪಾಡಿತು. ಒಂದೇ ಒಂದು ಸಲ, ನಮ್ಮ ಸೆಲ್ವಿಯ ದಾರಿಗೆ ಅದೇ ಅಡ್ಡ ಬಂತು. ಆ ಕಥೆಯನ್ನು ಬರೆದಿಡಬೇಕು ಅಂತಲೇ ಈಗ ಕೂತಿದ್ದೇನೆ.

ಸೆಲ್ವಿ ನಮ್ಮ ಶಾಲೆಯ ಆಯಾ. ಮೂವತ್ತನಾಲ್ಕು ವರ್ಷ. ಕ್ಲಾಸು ಗುಡಿಸೋದು, ಡ್ರಮ್ಮಿಗೆ ನೀರು ತುಂಬಿಸೋದು, ಹೊಟ್ಟೆನೋವು ಅಂತ ಅತ್ತ ಹುಡುಗಿಯನ್ನು ಮನೆತನಕ ಬಿಟ್ಟು ಬರೋದು, ಎಲ್ಲಾ ಅವಳದೇ. ಅವಳ ಓದು ಎಂಟನೇ ಕ್ಲಾಸಿಗೆ ನಿಂತಿತ್ತು. ಒಂದು ಆಸ್ಪತ್ರೆಯಲ್ಲಿ ವಾರ್ಡ್ ಸಹಾಯಕಿಯ ಕಾಯಂ ಕೆಲಸ ಸಿಗುವಂತಿತ್ತು. ಆದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ವಯಸ್ಸು ಮೂವತ್ತೈದು ದಾಟಿರಬಾರದು ಅಂದಿದ್ದರು. ಅಂದರೆ ಅವಳ ಪಾಲಿಗೆ ಉಳಿದಿದ್ದು ಒಂದೇ ವರ್ಷ, ಒಂದೇ ಪರೀಕ್ಷೆ. ಖಾಸಗಿ ಅಭ್ಯರ್ಥಿಯಾಗಿ ನಮ್ಮ ಶಾಲೆಯ ಮೂಲಕವೇ ಅರ್ಜಿ ಹಾಕಬೇಕು. ಆ ಅರ್ಜಿ ಹೊರಡಬೇಕಾದದ್ದು ನನ್ನ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನಿಂದ.

ಲ್ಯಾಪ್‌ಟಾಪಿಗೆ ಬರುವ ಮುಂಚೆ ಹಿಂದಿನದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಾನು ಸೇರಿದಾಗ ಟೈಪ್‌ರೈಟರ್ ಇತ್ತು. ಮೂರು ಕಾರ್ಬನ್ ಇಟ್ಟು ಹೊಡೆದರೆ ನಾಲ್ಕನೇ ಪ್ರತಿಯಲ್ಲಿ ಬೀಳುತ್ತಿದ್ದದ್ದು ಅಕ್ಷರವಲ್ಲ, ಅಕ್ಷರದ ನೆರಳು. ಆಮೇಲೆ ದೊಡ್ಡ ಕಂಪ್ಯೂಟರ್ ಬಂತು. ಆಗಿನ ಹೆಚ್ಚೆಂ, ಅಂದರೆ ಮುಖ್ಯೋಪಾಧ್ಯಾಯಿನಿ, ಬಲು ಕಟ್ಟುನಿಟ್ಟು. ಕಂಪ್ಯೂಟರ್ ರೂಮಿಗೆ ಯಾರೂ ಚಪ್ಪಲಿ ಹಾಕಿಕೊಂಡು ಬರುವಂತಿರಲಿಲ್ಲ. ಒಂದು ಸಲ ತಪಾಸಣೆಗೆ ಬಂದ ಸಾಹೇಬರನ್ನೂ ಬಾಗಿಲಲ್ಲಿ ತಡೆದು "ಸಾರ್, ಶೂ" ಅಂದರು. ಅವರು ಮುಖ ಕೆಂಪಗೆ ಮಾಡಿಕೊಂಡು ಬಿಚ್ಚಿದರು. ಎಡಗಾಲಿನ ಕಾಲುಚೀಲದಿಂದ ಹೆಬ್ಬೆರಳು ಪೂರ್ತಿ ಹೊರಗಿತ್ತು. ಆ ದಿನದ ತಪಾಸಣೆ ಹತ್ತು ನಿಮಿಷಕ್ಕೆ ಮುಗಿಯಿತು. ದೇವರು ಯಾರ ಕಾಲುಚೀಲದಲ್ಲಿ ಬಂದು ಕಾಪಾಡುತ್ತಾನೋ ಹೇಳಲಿಕ್ಕಾಗುವುದಿಲ್ಲ.

ಆ ಕಂಪ್ಯೂಟರ್ ಕೆಟ್ಟು ಕೂತ ಹೊತ್ತಿಗೆ ನನ್ನ ಸರ್ವೀಸು ಮುಗಿಯಲು ಒಂದೇ ವರ್ಷ ಉಳಿದಿತ್ತು. ಅಷ್ಟರಲ್ಲಿ ಹೆಚ್ಚೆಂ ಆಗಿ ಬಂದಿದ್ದವರು ನಸೀಮ್ ಮೇಡಂ. ಫ್ರೇಜರ್ ಟೌನಿನವರು. ಮನೆಯಲ್ಲಿ ದಖ್ಖನಿ ಉರ್ದು, ಶಾಲೆಯಲ್ಲಿ ನನಗಿಂತ ಒಳ್ಳೆ ಕನ್ನಡ. ಗಣಿತದ ಟೀಚರು ಅವರು. ಕಮಿಟಿಯವರು "ಕಡಿಮೆ ಬೆಲೆಯದೊಂದು ಲ್ಯಾಪ್‌ಟಾಪ್ ತಗೊಳ್ಳಿ, ಆಫೀಸಿಗೆ ಸಾಕು" ಅಂದಾಗ ನಾವಿಬ್ಬರೇ ಮಾರತ್ತಹಳ್ಳಿಗೆ ಹೋದೆವು. ಅಂಗಡಿಯಲ್ಲಿ ಎಲ್ಲ ಲ್ಯಾಪ್‌ಟಾಪೂ ಬಾಯಿ ತೆರೆದುಕೊಂಡು ಸಾಲಾಗಿ ಕೂತಿದ್ದವು.

"ನೋಡಪ್ಪಾ," ಅಂದರು ಮೇಡಂ, "ನಮಗೆ ಸಿನಿಮಾ ಬೇಡ, ಆಟ ಬೇಡ. ಟೀಸಿ, ಹಾಜರಿ, ಪತ್ರ, ಆನ್‌ಲೈನ್ ಅರ್ಜಿ. ಇಷ್ಟೇ ಇರೋದು."

"ಹಂಗಾದ್ರೆ ಇದು ಸಾಕು ಮೇಡಂ. ಒಳಗಡೆ ಜಾಗ ಕಮ್ಮಿ, ಆದ್ರೆ ಬೇಗ ಏಳತ್ತೆ. ಜಾಗ ಜಾಸ್ತಿ ಇರೋ ಹಳೇ ಥರದ್ದು ತಗೊಂಡ್ರೆ, ಸ್ವಿಚ್ ಹಾಕಿ ಟೀ ಕುಡ್ಕೊಂಡು ಬರಬೇಕು."

"ಟೀ ಕುಡಿಯೋಕೆ ನಮಗೇನೂ ತೊಂದ್ರೆ ಇಲ್ಲ. ಎಷ್ಟು ವರ್ಷ ಬರತ್ತೆ, ಅದು ಹೇಳು."

"ನೀವು ಹೆಂಗೆ ನೋಡ್ಕೋತೀರೋ ಹಂಗೆ. ಮಗು ಥರಾ ನೋಡ್ಕೊಳಿ ಮೇಡಂ, ಏನೂ ಆಗಲ್ಲ."

ಅಂಗಡಿಯವನು ಅದನ್ನು ದಿನಕ್ಕೆ ಐವತ್ತು ಜನಕ್ಕೆ ಹೇಳುವ ಮಾತಿನ ಹಾಗೆ ಹೇಳಿದ. ನಾನು ಮಾತ್ರ ಮನಸ್ಸಿಗೆ ಕಟ್ಟಿಕೊಂಡು ಬಸ್ಸು ಹತ್ತಿದೆ.

ಶುರು ಮಾಡಿದ್ದು ಶುಕ್ರವಾರ. ಹತ್ತೂವರೆಯಿಂದ ಹನ್ನೆರಡು ರಾಹುಕಾಲ, ನಾನು ಮುಟ್ಟಲಿಲ್ಲ. ಅದು ಮುಗಿಯಿತು ಅನ್ನುವಾಗ ಮೇಡಂ ನಮಾಜಿಗೆ ಎದ್ದರು. ಅವರು ಬಂದಾಗ ಊಟದ ಹೊತ್ತು. ಅಂತೂ ಎರಡೂವರೆಗೆ ಮುಚ್ಚಳಕ್ಕೆ ಒಂದು ಕುಂಕುಮದ ಬೊಟ್ಟಿಟ್ಟು, ಹಲಸೂರು ಸೋಮೇಶ್ವರನನ್ನು ನೆನೆದು ಗುಂಡಿ ಒತ್ತಿದೆ. ಭಾಷೆ ಕೇಳಿತು, ಹೆಸರು ಕೇಳಿತು, ಪಾಸ್‌ವರ್ಡ್ ಕೇಳಿತು. ಎಲ್ಲ ಕೊಟ್ಟ ಮೇಲೆ, ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ ಅಂತ ಬರೆದುಕೊಂಡು ಒಂದು ಚಕ್ರ ತಿರುಗಲು ಶುರುವಾಯಿತು. ಐದೂವರೆಯಾದರೂ ತಿರುಗುತ್ತಲೇ ಇತ್ತು. ಬೀಗ ಹಾಕಲು ಬಂದ ಜವಾನ ಅಂತೋಣಿ ಕೀಗೊಂಚಲು ಹಿಡಿದು ಪಕ್ಕದಲ್ಲೇ ನಿಂತ.

"ಇನ್ನೂ ಎಷ್ಟು ಹೊತ್ತಮ್ಮಾ?"

"ಗೊತ್ತಿಲ್ಲಪ್ಪ. ಅರವತ್ತು ಪರ್ಸೆಂಟ್ ಅಂತಿದೆ."

"ಒಂದು ಗಂಟೆ ಹಿಂದೇನೂ ಅರವತ್ತೇ ಅಂತಿತ್ತು. ಇದು ಹೆರಿಗೆ ಥರಾ ಬಿಡಿ. ಡಾಕ್ಟ್ರೂ ಹೇಳಕ್ಕಾಗಲ್ಲ."

ಆದ್ದರಿಂದ ಹೊಸಬರಿಗೆ ಹೇಳೋದು ಏನೆಂದರೆ, ಹೊಸ ಲ್ಯಾಪ್‌ಟಾಪ್ ತೆರೆಯುವ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಅದು ತನ್ನ ಸ್ನಾನ ಪೂಜೆ ಮುಗಿಸಿಕೊಳ್ಳಲಿ. ಎರಡನೇ ದಿನ ಕೂತು, ಅದರ ಜೊತೆ ಬಿಟ್ಟಿಯಾಗಿ ಬಂದ ಆಟಗಳು, ತಿಂಗಳಾದ ಮೇಲೆ ದುಡ್ಡು ಕೇಳುವ ಆಂಟಿವೈರಸ್ಸು, ಬೇಡದ್ದೆಲ್ಲಾ ತೆಗೆದು ಹಾಕಿ. ಬಾಡಿಗೆ ಮನೆಗೆ ಹೋದಾಗ ಹಿಂದಿನವರು ಹೊಡೆದ ಮೊಳೆ ಕೀಳುತ್ತೇವಲ್ಲ, ಹಾಗೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಒಂದೇ ಒಲೆಯ ಅಡುಗೆಮನೆ. ಒಟ್ಟಿಗೆ ನಾಲ್ಕು ಪಾತ್ರೆ ಇಡಲಿಕ್ಕಾಗುವುದಿಲ್ಲ. ಒಂದು ಕೆಲಸ ತೆರೆಯಿರಿ, ಮುಗಿಸಿ, ಮುಚ್ಚಿ, ಆಮೇಲೆ ಇನ್ನೊಂದು. ನಾನು ಮೊದಮೊದಲು ಹದಿನಾಲ್ಕು ಕಿಟಕಿ ಒಟ್ಟಿಗೆ ತೆರೆದಿಟ್ಟು, "ಇದ್ಯಾಕೆ ಹೀಗೆ ಮುಲುಗತ್ತೆ" ಅಂತ ಅದನ್ನೇ ಬೈಯುತ್ತಿದ್ದೆ. ಮಾಡಿದ್ದನ್ನು ಒಂದು ಪೆನ್‌ಡ್ರೈವಿನಲ್ಲೂ ಇಟ್ಟುಕೊಳ್ಳಿ. ಪೆನ್‌ಡ್ರೈವನ್ನು ಸೆರಗಿಗೆ ಗಂಟು ಹಾಕಿಕೊಳ್ಳಬೇಡಿ. ಒಂದು ಸಲ ಅದು ಸೀರೆಯ ಜೊತೆ ಬಕೆಟ್ಟಿಗೆ ಹೋಗಿ, ಸೋಪಿನ ನೀರಿನಲ್ಲಿ ನೆನೆದು, ಬಿಸಿಲಿನಲ್ಲಿ ಒಣಗಿ, ಆಮೇಲೂ ಕೆಲಸ ಮಾಡಿತು. ಅದು ದೇವರ ದಯೆ. ಪ್ರತಿ ಸಲ ಕೇಳಲಿಕ್ಕಾಗುತ್ತದೆಯೇ?

ಹಳೇ ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದ ಕನ್ನಡ ಪತ್ರಗಳನ್ನು ಇದರಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಡಿ ಎಲ್ಲ ಕಲಸಿದ ಕಸ ಕಾಣಿಸಿತು. ಮೇಡಂ ನೋಡಿ "ಯಾ ಅಲ್ಲಾ, ಇಷ್ಟು ವರ್ಷದ ಪತ್ರ ಎಲ್ಲ ಹೋಯ್ತಾ ವಿಶಾಲಮ್ಮ?" ಅಂತ ಕುರ್ಚಿಯಲ್ಲಿ ಕುಸಿದರು. ಹೋಗಿರಲಿಲ್ಲ. ಹಳೇ ಅಕ್ಷರವನ್ನು ಹೊಸ ಅಕ್ಷರಕ್ಕೆ ಬದಲಿಸುವ ಉಪಾಯ ಇದೆ ಅಂತ ನಮ್ಮ ಕನ್ನಡ ಟೀಚರ್ ತೋರಿಸಿಕೊಟ್ಟರು. ಒಂದು ವಾರ ಅದೇ ಕೆಲಸ ಮಾಡಿದೆ. ಒಂದೊಂದು ಪತ್ರ ಮತ್ತೆ ಕನ್ನಡವಾಗಿ ಎದ್ದು ಕೂತಾಗಲೂ, ಕಳೆದುಹೋದ ಚಮಚ ಸಿಕ್ಕಷ್ಟು ಸಂತೋಷವಾಗುತ್ತಿತ್ತು.

ನಾನು ಮಾಡಿದ ತಪ್ಪು ಒಂದೆರಡಲ್ಲ. ಟೀಸಿಯದು ಹೇಳಲೇಬೇಕು. ಶಾಲೆ ಬಿಟ್ಟು ಹೋಗುವ ಹುಡುಗಿಗೆ ಕೊಡುವ ಆ ಪತ್ರವನ್ನು ಪ್ರತಿ ಸಲ ಹೊಸದಾಗಿ ಟೈಪು ಮಾಡುವ ಬದಲು, ಹಿಂದಿನ ಹುಡುಗಿಯದನ್ನೇ ತೆರೆದು ಹೆಸರು ತಿದ್ದುತ್ತಿದ್ದೆ. ಕೆಲಸ ಬೇಗ ಮುಗಿಯುತ್ತದೆ ಅಂತ ಹೆಮ್ಮೆ ಬೇರೆ. ಒಂದು ದಿನ ಒಬ್ಬ ಹುಡುಗಿಯ ತಂದೆ, ರಸೆಲ್ ಮಾರ್ಕೆಟ್ ಹತ್ತಿರ ಹಣ್ಣಿನ ವ್ಯಾಪಾರದವರು, ಮಗಳನ್ನು ಕೈಹಿಡಿದು ಕರೆದುಕೊಂಡು ಬಂದು ನನ್ನ ಮೇಜಿನ ಮುಂದೆ ನಿಲ್ಲಿಸಿದರು.

"ಮೇಡಂ, ನೋಡ್ಬಿಟ್ಟು ಹೇಳಿ. ಎಡಗೆನ್ನೆ ಮೇಲೆ ಕಪ್ಪು ಮಚ್ಚೆ ಅಂತ ಬರ್ದಿದೀರ. ಎಲ್ಲಿದೆ? ಇವಳ ಅಮ್ಮ ನಿನ್ನೆಯಿಂದ ಸೋಪು ಹಾಕಿ ಉಜ್ಜಿ ಹುಡುಕ್ತಾ ಇದಾಳೆ."

ಮಚ್ಚೆ ಅವಳಿಗಿಂತ ಮುಂಚೆ ಟೀಸಿ ತಗೊಂಡವಳದು. ನಾನು ಎದ್ದು ನಿಂತು ಕೈ ಮುಗಿದೆ. ಒಳಗಿನಿಂದ ಮೇಡಂ, "ವಿಶಾಲಮ್ಮ, ಕಾಡಿಗೆ ಇದ್ರೆ ಒಂದು ಚುಕ್ಕಿ ಇಟ್ಟು ಕಳ್ಸಿ" ಅಂದರು. ಆ ತಂದೆಯೂ ನಕ್ಕುಬಿಟ್ಟರು. ಮರುದಿನ ಒಂದು ಕವರಿನಲ್ಲಿ ಸೀಬೆಹಣ್ಣು ಕಳಿಸಿದ್ದರು. ಅವತ್ತಿನಿಂದ ಏನೂ ತುಂಬದ ಒಂದು ಖಾಲಿ ಪ್ರತಿ ಮಾಡಿಟ್ಟು, ಅದರಿಂದಲೇ ಶುರು ಮಾಡುತ್ತಿದ್ದೆ. ನೀವೂ ಹಾಗೇ ಮಾಡಿ.

ಇನ್ನು ಅಂಗಿಯ ವಿಷಯ. ಮಗುವಿನ ಹಾಗೆ ನೋಡಿಕೊಳ್ಳಿ ಅಂದಿದ್ದನಲ್ಲ ಅಂಗಡಿಯವನು. ನಮ್ಮ ಮನೆಯಲ್ಲಿ ಮಿಕ್ಸಿಗೆ ಅಂಗಿ ಇದೆ, ಫ್ರಿಜ್ಜಿನ ತಲೆಗೆ ಕುಸುರಿ ಮಾಡಿದ ಟೋಪಿ ಇದೆ, ಟೀವಿ ರಿಮೋಟು ಕೊಂಡ ದಿನದಿಂದ ಪ್ಲಾಸ್ಟಿಕ್ಕಿನೊಳಗೇ ಇದೆ. ಲ್ಯಾಪ್‌ಟಾಪ್ ಮಾತ್ರ ಬತ್ತಲೆ ಇರಬೇಕೇ? ಹಳೇ ರೇಷ್ಮೆ ಸೀರೆಯ ಮೈಯನ್ನು ಕತ್ತರಿಸಿ, ಒಳಗೆ ಹತ್ತಿ ತುಂಬಿ, ಚೌಕಚೌಕವಾಗಿ ಹೊಲಿಗೆ ಹಾಕಿ ಒಂದು ಅಂಗಿ ಹೊಲಿದೆ. ಬರೀ ಚೀಲವಲ್ಲ. ಮುಚ್ಚಳಕ್ಕೆ ಒಂದು ಭಾಗ, ಅಡಿಗೆ ಒಂದು ಭಾಗ, ಮೂಲೆಗಳಿಗೆ ಎಲಾಸ್ಟಿಕ್ಕು. ತೆರೆದು ಕೆಲಸ ಮಾಡುವಾಗಲೂ ಬಿಚ್ಚಬೇಕಾಗಿರಲಿಲ್ಲ. ಅಡಿಗೆ ಒಂದು ಮೆತ್ತನೆಯ ದಿಂಬು. ಅಕ್ಷರದ ಗುಂಡಿಗಳ ಮೇಲೆ ಧೂಳು ಕೂರದ ಹಾಗೆ ಪ್ಲಾಸ್ಟಿಕ್ ಹಾಳೆ. ಟೀಚರುಗಳೆಲ್ಲ ಬಂದು ಮುಟ್ಟಿ ನೋಡಿ ಹೋದರು. ನಮ್ಮನೆಯವರು ಮಾತ್ರ "ನನಗೊಂದು ಬನೀನು ಹೊಲಿದಿಲ್ಲ ಇವಳು" ಅಂತ ಗೊಣಗಿದರು.

ಅಂಗಿ ತೊಡಿಸಿದ ವಾರದಲ್ಲೇ ಲ್ಯಾಪ್‌ಟಾಪಿಗೆ ಹೊಸ ರೋಗ ಬಂತು. ಬೆಳಿಗ್ಗೆ ಹತ್ತಕ್ಕೆ ಚೆನ್ನಾಗಿ ಏಳುವುದು, ಹನ್ನೊಂದರ ಹೊತ್ತಿಗೆ ಹೇಳದೆ ಕೇಳದೆ ಕಣ್ಣು ಮುಚ್ಚುವುದು. ಅರ್ಧ ಗಂಟೆ ಬಿಟ್ಟರೆ ಮತ್ತೆ ಏಳುವುದು, ಮತ್ತೆ ಮಲಗುವುದು. ಕರೆಂಟಿನದೇ ತೊಂದರೆ ಅಂದರು ಮೇಡಂ. ದೃಷ್ಟಿ ಅಂದ ಅಂತೋಣಿ. "ಅಷ್ಟು ಚೆನ್ನಾಗಿರೋ ಡ್ರೆಸ್ಸು ಹಾಕಿದೀರ, ಎಲ್ರೂ ನೋಡ್ಕೊಂಡು ಹೋದ್ರು, ದೃಷ್ಟಿ ಬೀಳದೆ ಏನಾಗತ್ತೆ?" ಅಂತ ಒಂದು ನಿಂಬೆಹಣ್ಣು ತಂದು ನಿವಾಳಿಸಿದ. ಒಳಗೊಳಗೆ ನನಗೂ ಹಾಗೇ ಅನ್ನಿಸಿತ್ತು.

ಕೊನೆಗೆ ಮಾಸ್ಕ್ ರೋಡಿನ ಹತ್ತಿರ ಒಬ್ಬ ರಿಪೇರಿಯವನಿಗೆ ಕೊಟ್ಟೆವು. ಅವನ ಮೇಜಿನ ಮೇಲೆ ಎಣ್ಣೆ, ಮಸಿ. ಅಂಗಿ ಕೊಳಕಾದೀತು ಅಂತ ನಾನು ಬಿಚ್ಚಿಕೊಂಡು ಬಂದೆ. ಹೇಗೂ ಬಿಚ್ಚಿದ್ದಾಯಿತಲ್ಲ ಅಂತ ಒಗೆದು ಒಣಗಿಸಿದೆ. ಅವನು ಎರಡು ದಿನ ಇಟ್ಟುಕೊಂಡು, "ಏನೂ ಪ್ರಾಬ್ಲಮ್ ಇಲ್ಲ ಮೇಡಂ, ಬೆಳಿಗ್ಗೆಯಿಂದ ಸಂಜೆತನಕ ಓಡ್ಸಿದೀನಿ, ಒಂದ್ಸಲಾನೂ ಆಫ್ ಆಗಿಲ್ಲ" ಅಂತ ವಾಪಸು ಕೊಟ್ಟ. ತಂದು, ಒಗೆದ ಅಂಗಿ ತೊಡಿಸಿ, ದಿಂಬಿನ ಮೇಲೆ ಕೂರಿಸಿದೆ. ಹನ್ನೊಂದಕ್ಕೆ ಮಲಗಿತು.

ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲವೇ ಅಂತ ನೀವು ಕೇಳಬಹುದು. ನಾನು ಮುಟ್ಟುತ್ತಿದ್ದದ್ದು ಅಂಗಿಯನ್ನು, ಲ್ಯಾಪ್‌ಟಾಪನ್ನಲ್ಲ.

ಸೆಲ್ವಿಯ ಅರ್ಜಿಯ ಕೊನೆಯ ದಿನ ಬಂದದ್ದು ಈ ಕಾಯಿಲೆಯ ನಡುವೆಯೇ. ಕೊನೆಯ ದಿನದವರೆಗೆ ಯಾಕೆ ಬಿಟ್ಟಿರಿ ಅನ್ನಬೇಡಿ. ಕೆ.ಆರ್. ಪುರಂ ಕಡೆ ಅವಳು ಓದಿದ ಶಾಲೆ ಮುಚ್ಚಿಹೋಗಿ ಎಷ್ಟೋ ವರ್ಷ ಆಗಿತ್ತು. ಅದರ ದಾಖಲೆಗಳೆಲ್ಲ ಬೇರೊಂದು ಶಾಲೆಯ ಬೀರುವಿನಲ್ಲಿದ್ದವು. ಅವಳ ಹುಟ್ಟಿದ ದಿನಾಂಕದ ಕಾಗದಕ್ಕಾಗಿ ನಾಲ್ಕು ಸಲ ಬಸ್ಸು ಹತ್ತಿ ಹೋಗಿ ಬಂದಿದ್ದಳು. ಐದನೇ ಸಲ ಕಾಗದ ಸಿಕ್ಕಿತು. ಅದನ್ನು ಎದೆಗೆ ಒತ್ತಿಕೊಂಡು ಅವಳು ಶಾಲೆಗೆ ಬಂದಾಗ ಮಧ್ಯಾಹ್ನ ಎರಡೂವರೆ. ಸಂಜೆ ಐದೂವರೆಗೆ ಅರ್ಜಿ ಮುಚ್ಚುತ್ತಿತ್ತು.

ಫೋನಿನಲ್ಲಿ ಅವಳ ಫೋಟೋ ತೆಗೆದೆ, ಬಿಳಿ ಹಾಳೆಯ ಮೇಲೆ ಸಹಿ ಹಾಕಿಸಿ ಅದರದ್ದೂ ಫೋಟೋ ತೆಗೆದೆ, ಕಾಗದಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಹೆಸರು, ತಂದೆಯ ಹೆಸರು, ವಿಳಾಸ, ವಿಷಯಗಳು. ಅರ್ಧ ತುಂಬಿದ್ದೆ. ಪರದೆ ಕಪ್ಪಾಯಿತು.

ಮೇಡಂ ಎದ್ದು ಬಂದರು. ಕಾದೆವು, ಮತ್ತೆ ಎಬ್ಬಿಸಿದೆವು, ಮೊದಲಿನಿಂದ ತುಂಬಿದೆ. ಈ ಸಲ ವಿಳಾಸದವರೆಗೂ ಹೋಗಲಿಲ್ಲ, ಮಲಗಿತು. ಮೇಡಂ ತಮ್ಮ ಫೋನಿನಲ್ಲಿ ಪ್ರಯತ್ನಪಟ್ಟರು. ಅರ್ಜಿಯ ಪುಟ ಅದರಲ್ಲಿ ತೆರೆಯಲೇ ಇಲ್ಲ. ಅಂತೋಣಿ ಮೂಲೆಯ ಬ್ರೌಸಿಂಗ್ ಸೆಂಟರಿಗೆ ಓಡಿ ಹೋಗಿ ಬಂದ. "ಅಲ್ಲಿ ಕ್ಯೂ ಬೀದಿತನಕ ಬಂದಿದೆ ಮೇಡಂ. ಇವತ್ತು ಎಲ್ರಿಗೂ ಕೊನೇ ದಿನ ಅಂತೆ."

ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ನಾನು ಮನಸ್ಸಿನಲ್ಲೇ ಸೋಮೇಶ್ವರನಿಗೆ ಹೇಳಿದೆ: ಅಪ್ಪಾ, ಅವತ್ತು ಉಳಿಸಿಕೊಟ್ಟ ಪೆನ್‌ಡ್ರೈವನ್ನು ಬೇಕಾದರೆ ವಾಪಸು ತಗೋ, ಇದೊಂದು ನಡೆಸಿಕೊಡು.

ಸೆಲ್ವಿ ಬಾಗಿಲ ಹತ್ತಿರವೇ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ಬಿಡಿ ಅಕ್ಕಾ," ಅಂದಳು, "ನೀವ್ ಏನ್ ಮಾಡ್ತೀರ. ಹಣೇಲಿ ಇಲ್ಲ." ಅಷ್ಟು ಹೇಳಿ, ಮೇಜಿನ ಮೇಲೆ ಹರಡಿದ್ದ ತನ್ನ ಕಾಗದಗಳನ್ನು ಎತ್ತಿಕೊಳ್ಳಲು ಬಂದಳು. ಹುಟ್ಟಿದ ದಿನಾಂಕದ ಕಾಗದದ ಮೂಲೆ ದಿಂಬಿನ ಅಡಿಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಒಂದು ಕೈಯನ್ನು ಅಂಗಿಯೊಳಗೆ ತೂರಿಸಿ ಲ್ಯಾಪ್‌ಟಾಪನ್ನು ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ಕೈ ಹಿಂದಕ್ಕೆ ತೆಗೆಯಲಿಲ್ಲ. ಜ್ವರ ಅಂದ ಹುಡುಗಿಯರ ಹಣೆ ಮುಟ್ಟಿ ನೋಡುತ್ತಾಳಲ್ಲ, ಹಾಗೆ ಅಂಗೈಯನ್ನು ಮಗುಚಿ ಅದರ ಹೊಟ್ಟೆಗೆ ಇಟ್ಟು ನೋಡಿದಳು.

"ಅಕ್ಕಾ! ಇದಕ್ಕೆ ಜ್ವರ!"

"ಏನೇ?"

"ಕೈ ಇಟ್ಟು ನೋಡಿ. ಕೆಂಡ ಆಗಿದೆ. ಇಷ್ಟು ಜ್ವರದಲ್ಲಿ ಯಾರಾದ್ರೂ ಮಗೂಗೆ ಹತ್ತಿ ತುಂಬಿದ ಅಂಗಿ ಹಾಕಿ ದಿಂಬಲ್ಲಿ ಮಲಗಿಸ್ತಾರಾ? ಉಸಿರು ಎಲ್ಲಿಂದ ಬಿಡತ್ತೆ ಅದು?"

ಕೇಳಿದ್ದು ತುಂಬ ಗಟ್ಟಿಯಾಗಿಯೇ. ಅವಳು ನನ್ನೊಂದಿಗೆ ಹಾಗೆ ಮಾತಾಡಿದ್ದು ಅದೇ ಮೊದಲು. ಮಾತಾಡುತ್ತಲೇ ಎಲಾಸ್ಟಿಕ್ ಕಿತ್ತು ಅಂಗಿ ಬಿಚ್ಚಿ ಎಸೆದಳು. ತಿರುಗಿಸಿ ನೋಡಿದರೆ ಅಡಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಕಿಂಡಿಗಳು. ಗಾಳಿ ಬಂದು ಹೋಗಲಿಕ್ಕೆ ಮಾಡಿದವು. ಅಷ್ಟನ್ನೂ ನಾನು ರೇಷ್ಮೆ, ಹತ್ತಿ, ದಿಂಬು ಎಲ್ಲ ಒತ್ತಿ ಮುಚ್ಚಿದ್ದೆ. ರಿಪೇರಿಯವನ ಕೊಳಕು ಮೇಜಿನ ಮೇಲೆ ಅದು ಎರಡು ದಿನ ಆರಾಮಾಗಿ ಉಸಿರಾಡಿಕೊಂಡಿತ್ತು.

ಮೇಡಂ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ವಿಶಾಲಮ್ಮ, ಆಮೇಲೆ ನಾಚಿಕೆ ಪಡಿ. ಈಗ ಫ್ಯಾನ್ ಹಾಕಿ" ಅಂದರು.

ಎರಡು ಸೀಮೆಸುಣ್ಣದ ಡಬ್ಬಿ ಇಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಕೂರಿಸಿದೆವು. ಅಡಿಯಲ್ಲಿ ಗಾಳಿ ಆಡುವಷ್ಟು ಜಾಗ. ಗುಂಡಿಗಳ ಮೇಲಿನ ಪ್ಲಾಸ್ಟಿಕ್ಕನ್ನೂ ಕಿತ್ತೆ. ಹದಿನೈದು ನಿಮಿಷ ಅದಕ್ಕೆ ವಿಶ್ರಾಂತಿ. ಸೆಲ್ವಿ ರಟ್ಟು ಹಿಡಿದು ಬೀಸುತ್ತಾ ನಿಂತಳು, ನಿಜವಾಗಿ ಮಗುವಿಗೆ ಬೀಸುವ ಹಾಗೆ. ಆ ಹದಿನೈದು ನಿಮಿಷ ಗಡಿಯಾರದ ಕಡೆ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ನಾಲ್ಕೂಮುಕ್ಕಾಲಿಗೆ ಎಬ್ಬಿಸಿದೆ. ಮತ್ತೆ ಹೆಸರಿನಿಂದ ಶುರು. ಮೂರನೇ ಸಲವಾದ್ದರಿಂದ ವಿಳಾಸ ನನಗೆ ಬಾಯಿಪಾಠ ಆಗಿತ್ತು. ಫೋಟೋ ಹಾಕಿದರೆ, ಅಳತೆ ದೊಡ್ಡದಾಯಿತು ಅಂತ ತಳ್ಳಿತು. ಚಿಕ್ಕದು ಮಾಡಿದೆ, ತುಂಬ ಚಿಕ್ಕದಾಯಿತು ಅಂತು. "ಹೆಣ್ಣು ನೋಡೋಕೆ ಬಂದವರ ಥರಾ ಆಡತ್ತಲ್ಲ ಇದು" ಅಂದರು ಮೇಡಂ. ನಡುವೆ ಒಂದು ಅಳತೆ ಒಪ್ಪಿತು. ಸಹಿಯೂ ಒಪ್ಪಿತು. ಇನ್ನೇನು ಕಳಿಸಬೇಕು, ನೆಟ್ಟು ಹೋಯಿತು.

"ಅಮ್ಮಾ, ನನ್ ಫೋನಿಂದ ಕೊಡ್ತೀನಿ" ಅಂತ ಅಂತೋಣಿ ಮುಂದೆ ಬಂದ. ಮಧ್ಯಾಹ್ನ ಊಟದ ನಂತರ ಗೇಟಿನಲ್ಲಿ ತಮಿಳು ಸಿನಿಮಾ ನೋಡಲಿಕ್ಕೆ ಅಂತ ಅವನು ದೊಡ್ಡ ನೆಟ್ ಪ್ಯಾಕು ಹಾಕಿಸಿಕೊಂಡಿದ್ದ. ಅದಕ್ಕಾಗಿ ಮೇಡಂ ಅವನನ್ನು ಎಷ್ಟು ಸಲ ಬೈದಿದ್ದರೋ. ಅವನು ಫೋನನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟು ಕೈ ಕಟ್ಟಿಕೊಂಡು ನಿಂತ.

ಕಳಿಸುವ ಗುಂಡಿ ಒತ್ತಿದೆ. ಚಕ್ರ ತಿರುಗಿತು. ಎಷ್ಟು ಹೊತ್ತು ತಿರುಗಿತೋ ದೇವರಿಗೇ ಗೊತ್ತು. ನಾನು ಪಂಚಾಕ್ಷರಿ ಎಣಿಸುತ್ತಿದ್ದೆ. ಮೇಡಂ ತುಟಿ ಅಲ್ಲಾಡುತ್ತಿತ್ತು. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಬಂದು, ಅದರೊಳಗೆ ಅರ್ಜಿ ಸಂಖ್ಯೆ ಕಾಣಿಸಿತು. ಐದು ಗಂಟೆ ಹತ್ತೊಂಬತ್ತು ನಿಮಿಷ.

ಆ ಸಂಜೆ ಬಸ್ಸಿನಲ್ಲಿ ಕೂತು ನಾನು ಲೆಕ್ಕ ಹಾಕಿದೆ. ಕರೆಂಟು ಹೋಗಲಿಲ್ಲ, ಅದೊಂದು. ಕಾಗದದ ಮೂಲೆ ದಿಂಬಿಗೆ ಸಿಕ್ಕಿಕೊಂಡಿತು, ಅದೊಂದು. ಅಂತೋಣಿಗೆ ಸಿನಿಮಾ ಹುಚ್ಚು ಇದ್ದದ್ದು, ಅದೂ ಒಂದು. ದೇವರು ದೊಡ್ಡ ದೊಡ್ಡ ಕೈಯಿಂದಲೇ ಕೊಡಬೇಕು ಅಂತೇನಿಲ್ಲ.

ಅರ್ಜಿ ಹೋದ ಮಾತ್ರಕ್ಕೆ ಮುಗಿಯಲಿಲ್ಲ. ಪಾಸಾಗಬೇಕಲ್ಲ. ಶಾಲೆ ಬಿಟ್ಟ ಮೇಲೆ ಸಂಜೆ ಒಂದು ಗಂಟೆ ಸೆಲ್ವಿಗೆ ಆಫೀಸಿನಲ್ಲೇ ಪಾಠ. ಲ್ಯಾಪ್‌ಟಾಪಿನಲ್ಲಿ ಸಮಾಜ, ವಿಜ್ಞಾನದ ಪಾಠಗಳ ವಿಡಿಯೋ ಹಾಕಿಕೊಡುತ್ತಿದ್ದೆ. ಅದರ ಜೊತೆ ಬೇರೇನೂ ತೆರೆಯುತ್ತಿರಲಿಲ್ಲ, ಬುದ್ಧಿ ಬಂದಿತ್ತು. ಕನ್ನಡ ನಾನು. ಗಣಿತ ಮೇಡಂ. ಗಣಿತ ಅಂದರೆ ಸೆಲ್ವಿಗೆ ನಡುಕ.

"ಏ ಸೆಲ್ವಿ, ಇದು ಏನು ಆಕಾರ?"

"ತ್ರಿಕೋನ ಮೇಡಂ."

"ಸಮೋಸ ಅಂದ್ಕೋ. ಸಮೋಸಕ್ಕೆ ಎಷ್ಟು ಮೂಲೆ?"

"ಮೂರು. ಮೇಡಂ, ನಿಮ್ಮ ರೋಡಲ್ಲಿ ಮಾರೋದಕ್ಕಾ, ನಮ್ಮ ಕಡೆ ಮಾರೋದಕ್ಕಾ? ನಮ್ಮ ಕಡೆಯದು ಒಂದು ಮೂಲೆ ಮುರಿದೇ ಇರತ್ತೆ."

ಮೇಡಂ ನಗು ತಡೆಯಲಾರದೆ ಸೀಮೆಸುಣ್ಣ ಕೆಳಗಿಟ್ಟರು. ಮರುದಿನ ನಿಜವಾಗಿಯೇ ಫ್ರೇಜರ್ ಟೌನಿನಿಂದ ಸಮೋಸ ಕಟ್ಟಿಸಿಕೊಂಡು ಬಂದಿದ್ದರು. ಅಳೆದು, ಕೋನ ಬರೆಸಿ, ಆಮೇಲೆ ತಿನ್ನಲು ಕೊಟ್ಟರು. ಮೂರು ಕೋನ ಸೇರಿದರೆ ನೂರೆಂಬತ್ತು ಡಿಗ್ರಿ ಅನ್ನುವ ಆ ಪ್ರಮೇಯ ಮಾತ್ರ ಅವಳು ಮರೆಯಲಿಲ್ಲ.

ಪರೀಕ್ಷೆಯ ದಿನಗಳಲ್ಲಿ ತನ್ನ ಅರ್ಧ ವಯಸ್ಸಿನ ಹುಡುಗಿಯರ ಜೊತೆ ಸಾಲಿನಲ್ಲಿ ನಿಂತಳು. ಗೇಟಿನಲ್ಲಿ ಯಾರೋ "ಪೋಷಕರು ಆಚೆ ಇರಿ" ಅಂದರಂತೆ. ಇವಳು ಪ್ರವೇಶ ಪತ್ರ ಎತ್ತಿ ತೋರಿಸಿ ಒಳಗೆ ಹೋದಳಂತೆ.

ಫಲಿತಾಂಶ ಬಂದದ್ದು ಬೇಸಿಗೆ ರಜೆಯಲ್ಲಿ, ನಾನು ನಿವೃತ್ತಿಯಾಗುವ ವಾರ. ಶಾಲೆಯಲ್ಲಿ ಮಕ್ಕಳಿರಲಿಲ್ಲ. ಆಫೀಸಿನಲ್ಲಿ ನಾನು, ಮೇಡಂ, ಸೆಲ್ವಿ. ನಾನು ಕುರ್ಚಿಯಿಂದ ಎದ್ದು "ನೀನೇ ನಂಬರ್ ಹಾಕು" ಅಂದೆ. ಅವಳು ಸೀರೆಗೆ ಕೈ ಒರೆಸಿಕೊಂಡು, ಒಂದೇ ಬೆರಳಿನಲ್ಲಿ, ಪ್ರವೇಶ ಪತ್ರ ನೋಡುತ್ತಾ ನೋಡುತ್ತಾ ಒತ್ತಿದಳು. ಹುಟ್ಟಿದ ದಿನಾಂಕ ಮಾತ್ರ ನೋಡದೆಯೇ ಒತ್ತಿದಳು. ಐದು ಸಲ ಹೋಗಿ ತಂದ ದಿನಾಂಕ ಅದು.

ಪುಟ ನಿಧಾನವಾಗಿ ತೆರೆಯಿತು. ಕನ್ನಡ, ಇಂಗ್ಲಿಷು, ಸಮಾಜ, ವಿಜ್ಞಾನ ಎಲ್ಲ ಚೆನ್ನಾಗಿತ್ತು. ಗಣಿತಕ್ಕೆ ಸರಿಯಾಗಿ ಮೂವತ್ತೈದು. ಪಾಸಿಗೆ ಬೇಕಾದಷ್ಟೇ. ಕೆಳಗೆ, ಉತ್ತೀರ್ಣ.

"ಮೇಡಂ, ಒಂದು ಮಾರ್ಕ್ ಕಮ್ಮಿ ಆಗಿದ್ರೆ?" ಅಂದಳು ಸೆಲ್ವಿ.

"ಆಗ್ಲಿಲ್ವಲ್ಲ," ಅಂದರು ಮೇಡಂ. ಕನ್ನಡಕ ತೆಗೆದು ಒರೆಸಿಕೊಂಡರು. "ಆಗದೇ ಇರೋದಕ್ಕೆ ಯಾಕೆ ಅಳ್ತೀಯ? ಆಗಿರೋದಕ್ಕೆ ಅಳು."

ಅತ್ತಳು. ನಾವೂ ಅತ್ತೆವು, ನಕ್ಕೆವು. ಆಮೇಲೆ ಮುಖ ಒರೆಸಿಕೊಂಡು, ಆ ಪುಟವನ್ನು ಮುಚ್ಚಿಸಿ ಮತ್ತೆ ತೆರೆಸಿದಳು. ಇನ್ನೊಂದು ಸಲ ಮುಚ್ಚಿಸಿ ತೆರೆಸಿದಳು. ಮೂರು ಸಲವೂ ಅದನ್ನೇ ತೋರಿಸಿತು.

"ಅಕ್ಕಾ, ಎರಡು ಪ್ರಿಂಟ್ ಹಾಕ್ತೀರಾ?"

"ಆಸ್ಪತ್ರೆಗೆ ಒಂದು ಸಾಕಲ್ಲೇ."

"ಇನ್ನೊಂದು ನಮ್ಮತ್ತೆಗೆ. ಓದೋಕೆ ಹೋಗ್ತೀನಿ ಅಂತ ಸುಮ್ನೆ ಕೆಲ್ಸ ತಪ್ಪಿಸ್ಕೊಂಡು ಕೂತಿರ್ತಾಳೆ ಅಂತ ಅಕ್ಕಪಕ್ಕದವರಿಗೆಲ್ಲ ಹೇಳ್ತಿದ್ರು. ನೋಡ್ಲಿ."

"ಅವರಿಗೆ ಓದಕ್ಕೆ ಬರತ್ತಾ?"

"ಎಲ್ಲಿ ಬರತ್ತೆ ಅಕ್ಕಾ. ಅದಕ್ಕೇ ಸ್ವಲ್ಪ ದೊಡ್ಡ ಅಕ್ಷರದಲ್ಲಿ ಹಾಕಿ."

ಹಾಕಿದೆ. ಹಾಳೆಗೆ ಒಂದೇ ಪದ ಹಿಡಿಯಿತು: ಉತ್ತೀರ್ಣ.